ಎಪ್ಪತ್ತೊಂದನೆಯ ಗಂಟೆ

ಮೂರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೂ ನೀರು ಅಲ್ಲಾಡಿರಲಿಲ್ಲ. ಅಳತೆಗಾರ ಬಾವಿಯ ಬಾಯಿಗೆ ಟೇಪು ಇಳಿಬಿಟ್ಟ, ತುದಿಯ ಗುಂಡು ನೀರು ಮುಟ್ಟಿ ಕೀ ಎಂದಿತು, ಹೆಬ್ಬೆರಳಿನಿಂದ ಒತ್ತಿ ಹಿಡಿದು ಓದಿದ: ನಲವತ್ತೊಂದು ಮೀಟರು ಇಪ್ಪತ್ತು ಸೆಂಟಿಮೀಟರು. ಬೆಳಿಗ್ಗೆ ಇದ್ದದ್ದೂ ಇದೇ, ನಿನ್ನೆ ದಿನವಿಡೀ ಇದ್ದದ್ದೂ ಇದೇ. ಬಿಸಿಲು ಎಷ್ಟಿತ್ತೆಂದರೆ ನೆರಳುಗಳೇ ನೆರಳು ಹುಡುಕಿಕೊಂಡು ಹೋಗಿ ಡೀಸೆಲ್ ಪೀಪಾಯಿಗಳ ಹಿಂದೆ ಮಲಗಿದ್ದವು. ಕಲ್ಲುಗಳು ಮಗ್ಗುಲು ಬದಲಿಸುತ್ತಿದ್ದವು. ಬೇಕಾದರೆ ಹತ್ತರಲ್ಲಿ ಒಂಬತ್ತು ಬಿಟ್ಟುಬಿಡಿ, ಉಳಿದ ಒಂದು ಪಾಲು ಬಿಸಿಲೇ ಸಾಕು ನಿಮ್ಮ ಬೆವರಿಳಿಸಲು. ಅಂಥ ಬಿಸಿಲಲ್ಲೂ ಅವನ ಮೈ ಚಳಿ ಹತ್ತಿದವನ ಹಾಗೆ ಝುಮ್ಮೆಂದಿತು. ಮೂವತ್ತು ಹೆಜ್ಜೆ ಆಚೆ ಪಂಪಿನ ಬಾವಿ ಗಂಟೆಗೆ ನಲವತ್ತು ಸಾವಿರ ಲೀಟರಿನಂತೆ ಅರವತ್ತೆಂಟು ಗಂಟೆಯಿಂದ ನೀರು ಕಾರುತ್ತಿತ್ತು. ಈ ಪರೀಕ್ಷೆಯ ನಿಯಮ ಹಸುಳೆಗೂ ಅರ್ಥವಾಗುವಂಥದು: ಒಂದು ಬಾವಿಯಿಂದ ಎಡೆಬಿಡದೆ ಎಪ್ಪತ್ತೆರಡು ಗಂಟೆ ನೀರೆತ್ತು, ಪಕ್ಕದ ಬಾವಿಯಲ್ಲಿ ಮಟ್ಟ ಎಷ್ಟು ಇಳಿಯುತ್ತದೆ ನೋಡುತ್ತಿರು. ಇಳಿಯುತ್ತಲೇ ಹೋದರೆ ನೆಲದ ಜೇಬು ಚಿಕ್ಕದು. ಇಳಿಯುವುದು ನಿಂತರೆ, ತೆಗೆದಷ್ಟನ್ನೂ ಎಲ್ಲಿಂದಲೋ ಏನೋ ತುಂಬಿಕೊಡುತ್ತಿದೆ. ಹುಲ್ಲುಕಡ್ಡಿಗೂ ಗತಿಯಿಲ್ಲದ, ಮೋಡಗಳು ದಾರಿ ತಪ್ಪಿಯೂ ಬಾರದ ಈ ಬಯಲಿನಲ್ಲಿ ಅದು ನಿಂತಿತ್ತು. ಮೊದಲ ಇಪ್ಪತ್ತೆಂಟು ಗಂಟೆ ಮೂರು ಮೀಟರು ಚಿಲ್ಲರೆ ಇಳಿದು, ಆಮೇಲೆ ಕಾಲೂರಿ ನಿಂತುಬಿಟ್ಟಿತ್ತು. ಹಾಳೆಯ ಮೇಲೆ ಅವನು ಎಳೆದ ಗೆರೆಯಲ್ಲಿ ಇರುವೆ ಕೂಡ ಎಡವಲು ಒಂದು ಏರಿಳಿತ ಕಾಣದು. ಈ ವೃತ್ತಿಯ ಮೂವತ್ತೊಂದು ವರ್ಷಗಳಲ್ಲಿ ಅಂಥ ಗೆರೆಯನ್ನು ಅವನು ಕಂಡಿರಲಿಲ್ಲ. ಅವನ ಗುರುಗಳು ಕಂಡಿರಲಿಲ್ಲ. ಗುರುಗಳ ಗುರುಗಳು ಕನಸಿನಲ್ಲಿ ಕಂಡಿದ್ದರೆ ಎದ್ದು ಕೂತು ಅತ್ತಿರುತ್ತಿದ್ದರು.

ಜೇಬಿನಲ್ಲಿ ಪ್ರಯೋಗಾಲಯದ ಕಾಗದವಿತ್ತು. ಹತ್ತು ದಿನದಿಂದ ಅದನ್ನು ಎಷ್ಟು ಸಲ ಬಿಚ್ಚಿ ಮಡಿಸಿದ್ದನೆಂದರೆ ಮಡಿಕೆಯ ಜಾಗದಲ್ಲಿ ಕಾಗದ ಬಟ್ಟೆಯಾಗಿಹೋಗಿತ್ತು. ಪರೀಕ್ಷೆಗೆ ಮೊದಲು ಇದೇ ಬಾವಿಯಿಂದ ತೆಗೆದು ಕಳಿಸಿದ ನೀರಿನ ವಯಸ್ಸು ಅದರಲ್ಲಿತ್ತು. ನಾನು ಇಲ್ಲಿಯವರೆಗೆ ಹೇಳಿದ್ದರಲ್ಲಿ ಉಪ್ಪುಖಾರ ಹಾಕಿದ್ದೇನೆ, ಮುಂದೆಯೂ ಹಾಕುತ್ತೇನೆ, ಕೈ ತಡೆಯುವುದಿಲ್ಲ. ಆದರೆ ಈ ಅಂಕಿಗೆ ಒಂದು ಸೊನ್ನೆಯನ್ನೂ ಸೇರಿಸಿಲ್ಲ. ಇಪ್ಪತ್ತಾರು ಸಾವಿರ ವರ್ಷ. ಹೆಚ್ಚುಕಡಿಮೆ ಒಂದು ಸಾವಿರ. ಆ ‘ಹೆಚ್ಚುಕಡಿಮೆ ಒಂದು ಸಾವಿರ’ವನ್ನು ಮೊದಲ ಸಲ ಓದಿದಾಗ ಅವನು ನಕ್ಕಿದ್ದ, ಮನೆಯ ಊಟದ ಮೇಜಿನಲ್ಲಿ ಕೂತು, ಒಬ್ಬನೇ. ಏನ್ರೀ ನಗ್ತಿದ್ದೀರಿ ಎಂದು ಹೆಂಡತಿ ಕೇಳಿದ್ದಳು. ಕೈಯಲ್ಲಿದ್ದ ಲೋಟದ ನೀರನ್ನು ನೋಡಿದ. ಮಳೆಯೊಂದು ಸುರಿದಿತ್ತು, ಯಾವ ಭಾಷೆಯಲ್ಲೂ ಅದಕ್ಕಿನ್ನೂ ಹೆಸರಿರಲಿಲ್ಲ, ಅದರಲ್ಲಿ ನೆನೆದವರಿಗೆ ಗೋಡೆ ಗೊತ್ತಿರಲಿಲ್ಲ, ಬಾಗಿಲು ಗೊತ್ತಿರಲಿಲ್ಲ. ಆ ಮಳೆ ಇಲ್ಲಿನ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಹೋಗಿ ಕತ್ತಲಲ್ಲಿ ಕೂತಿತ್ತು. ಮೇಲೆ ಬಯಲು ಹಸಿರಾಯಿತು, ಒಣಗಿತು, ಮರಳಾಯಿತು. ಕೆಳಗೆ ಅದಕ್ಕೆ ಯಾರೂ ಸುದ್ದಿ ಹೇಳಲಿಲ್ಲ. ಅಷ್ಟು ಹಳೆಯ ನೀರು ಎಂದರೆ ಹೊಸ ನೀರು ಬಂದೇ ಇಲ್ಲವೆಂದು ಅರ್ಥ. ಕೂಡಿಟ್ಟ ಗಂಟು ಅದು, ತೆಗೆದಷ್ಟೂ ಮುಗಿಯುವಂಥದು. ಇದು ಅವನಿಗೆ ಗೊತ್ತಿತ್ತು. ಆದರೆ ಗೆರೆ ನಿಂತಿತ್ತು. ಕಾಗದ ಇಲ್ಲ ಎನ್ನುತ್ತದೆ, ಬಾವಿ ಇದೆ ಎನ್ನುತ್ತದೆ. ಎರಡನ್ನೂ ಕೂಡಿಸಿ ಅವನು ತನ್ನ ಕಾಲಡಿಯಲ್ಲಿ ಒಂದು ಕಡಲನ್ನೇ ಕಟ್ಟಿಕೊಂಡಿದ್ದ. ಕೊನೆಯಿಲ್ಲದ, ದಡವಿಲ್ಲದ, ಎಷ್ಟು ಮೊಗೆದರೂ ಮುಖ ಸಿಂಡರಿಸದ ಕಡಲು. ಎರಡು ದಿನದಿಂದ ಮೆಲ್ಲಗೆ ಹೆಜ್ಜೆ ಇಡುತ್ತಿದ್ದ, ಮಲಗಿದವರ ಮನೆಯಲ್ಲಿ ನಡೆದಾಡುವ ಹಾಗೆ.

“ಸಾರ್, ಊಟ ಮಾಡಿ. ನೀರಿಗೆ ವಯಸ್ಸಾಗಿದೆ ಅಂತ ನೀವೂ ಮುದುಕರಾಗ್ಬೇಡಿ,” ಎಂದು ಪಂಪಿನಾಕೆ ಕೂಗಿದಳು. ಎಂಜಿನಿನ ಸದ್ದಿನ ಮೇಲೆ ಕೂಗಿ ಕೂಗಿ ಅವಳ ದನಿ ಎಂಥದಾಗಿತ್ತೆಂದರೆ ಮನೆಯಲ್ಲಿ ಗುಟ್ಟು ಹೇಳಿದರೆ ಮೂರನೆಯ ಬೀದಿಯ ನಾಯಿ ಎದ್ದು ಕೂರುತ್ತಿತ್ತಂತೆ. ಪಂಪು, ಡೀಸೆಲ್, ನೀರಿನ ಲೆಕ್ಕದ ಮೀಟರು, ಎಲ್ಲವೂ ಅವಳ ಕೈಕೆಳಗೆ. ಬರುವಾಗ ಒಂದು ಮೂಟೆ ಬಿಳಿ ಬಟ್ಟೆಯನ್ನೂ ತಂದಿದ್ದಳು. ಮಗಳು ಆಸ್ಪತ್ರೆಯಲ್ಲಿ ದಾದಿ. ಊರಿನ ನಲ್ಲಿಯಲ್ಲಿ ವಾರಕ್ಕೊಮ್ಮೆ ಬರುವ ನೀರಿನಲ್ಲಿ ಬಿಳಿ ಉಡುಪು ಬೂದಿ ಬಣ್ಣಕ್ಕೆ ತಿರುಗಿದ್ದವು. ಇಲ್ಲಿ ಮೂರು ದಿನ ಹೊಳೆಯಂತೆ ಹರಿದುಹೋಗುವ ನೀರು, ಯಾರಪ್ಪನ ಸೊತ್ತು? ನಿನ್ನೆ ಬೆಳಿಗ್ಗೆ ಪೈಪಿನ ಬಾಯಿಯ ಹತ್ತಿರ, ನೀರು ಕೊರೆದುಕೊಂಡ ಕಾಲುವೆಯಲ್ಲಿ ಅವಳು ಆ ಮೂಟೆಯನ್ನು ಒಗೆದು, ತಂತಿಯುದ್ದಕ್ಕೂ ಒಣಹಾಕಿದ್ದಳು. ಆ ಬಿಳುಪಿಗೆ ಸೂರ್ಯನೇ ಕಣ್ಣು ಕಿರಿದು ಮಾಡಿದ್ದ.

ಪೈಪು. ಆ ಮಾತು ಮನಸ್ಸಿನಲ್ಲಿ ಬಂದೊಡನೆ ಅವನು ಬೇರೆ ಕಡೆ ನೋಡಿದ, ಬೀದಿಯಲ್ಲಿ ಸಾಲ ಕೊಟ್ಟವನನ್ನು ಕಂಡವನಂತೆ. ಎತ್ತಿದ ನೀರನ್ನು ಅರ್ಧ ಕಿಲೋಮೀಟರು ದೂರ ಸಾಗಿಸಿ ಚೆಲ್ಲಬೇಕು. ಇದು ಪುಸ್ತಕದ ಮೊದಲ ಪುಟ. ಅದಕ್ಕೆ ಎಂಬತ್ತು ಪೈಪು ಬೇಕು. ಉಗ್ರಾಣದ ಕಿಟಕಿಯ ಮುಂದೆ ನಿಂತು ಚೀಟಿ ಚಾಚಿದ್ದ. ಆ ಕಿಟಕಿ ಎಷ್ಟು ತಗ್ಗಿನಲ್ಲಿತ್ತೆಂದರೆ ಎಂಥ ಆರಡಿ ಆಸಾಮಿಯೂ ಬೆನ್ನು ಬಾಗಿಸಿಯೇ ಮಾತಾಡಬೇಕು. “ಎಂಬತ್ತಾ? ಚಂದ್ರನಿಗೆ ನೀರು ಬಿಡ್ತೀರೇನ್ರೀ?” ಎಂದ ಉಗ್ರಾಣದವನು, ತಲೆ ಎತ್ತದೆ. ಸಾಲಿನಲ್ಲಿ ಹಿಂದೆ ಇದ್ದ ನಾಲ್ವರು ನಕ್ಕರು. “ಈಗ ಹತ್ತು ತಗೊಳ್ಳಿ. ಉಳಿದಿದ್ದು ಬೇಕಾದ್ರೆ ಇನ್ನೊಂದು ಅರ್ಜಿ ಬರ್ಕೊಂಡು ಬನ್ನಿ, ದುಂಡಗೆ ಬರೀರಿ, ಇದೇನು ಕೋಳಿ ಕೆದರಿದ ಹಾಗಿದೆ.” ಹತ್ತು ತೆಗೆದುಕೊಂಡು ಬಂದ. ಮೂರು ವಾರ ಸಮಯವಿತ್ತು, ಇನ್ನೊಂದು ಸಲ ಹೋಗಲಿಲ್ಲ. ಕೇಳುವುದು ಅವನಿಂದ ಆಗದ ಕೆಲಸ. ಊಟದಲ್ಲಿ ಉಪ್ಪಿಲ್ಲದಿದ್ದರೂ ಸಪ್ಪೆಯನ್ನೇ ಉಂಡು ಏಳುವವನು. ಹಸಿವಾಗಿದೆ ಅನ್ನೋಕೂ ಯಾರಾದ್ರೂ ನಿಮ್ಮ ಹೊಟ್ಟೆ ನೋಡಿ ಹೇಳ್ಬೇಕು ಕಣ್ರೀ ಎಂದು ಹೆಂಡತಿ ಹಂಗಿಸುತ್ತಿದ್ದಳು. ಏಳು ವರ್ಷದವನಿದ್ದಾಗ, ಮೇಷ್ಟರು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದರು, ಹೊರಗೆ ಹೋಗಬೇಕಾಗಿತ್ತು, ಬೆರಳೆತ್ತಿ ಕೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಕೇಳಲಿಲ್ಲ, ಬೆಂಚಿನ ಮೇಲೆ ಬೆಚ್ಚಗೆ ಹರಡಿ, ಕಾಲುಗುಂಟ ಇಳಿದು, ನೆಲದ ಮೇಲೆ ಮೂರು ಬೆಂಚು ದಾಟಿ ಹೋಗಿ ಕೊನೆಗೆ ಮೇಷ್ಟರ ಚಪ್ಪಲಿಯನ್ನು ಮುಟ್ಟಿತ್ತು. ಅಂದು ಎಲ್ಲರೂ ತಿರುಗಿ ನೋಡಿದರು. ಹೀಗೆ ಹತ್ತು ಪೈಪು ಜೋಡಿಸಿ ಅರವತ್ತು ಮೀಟರಿನಲ್ಲೇ ನೀರು ಚೆಲ್ಲಿದ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಕೇಳಲಾರದ ಇವನು ನೆಲ ಇಳಿಜಾರೆಂದ. ಇಳಿಜಾರಿದೆ, ನೀರು ಆಚೆಗೇ ಹರಿದುಹೋಗುತ್ತದೆ ಎಂದು ತನಗೆ ತಾನೇ ಅಪ್ಪಣೆ ಕೊಟ್ಟುಕೊಂಡ.

ಊಟದ ಡಬ್ಬಿ ಮುಚ್ಚಿಟ್ಟು, ಮಟ್ಟ ನೋಡುವ ಬಾವಿಯಿಂದ ಮಾದರಿ ತೆಗೆಯಲು ಹೋದ. ಆರು ಗಂಟೆಗೊಮ್ಮೆ ಒಂದು ಸೀಸೆ ನೀರು ಮೇಲೆತ್ತಿ ಉಪ್ಪಿನಂಶ ನೋಡಬೇಕು. ಹಗ್ಗಕ್ಕೆ ಕಟ್ಟಿದ ಉದ್ದನೆಯ ಡಬ್ಬಿಯನ್ನು ಇಳಿಸಿ, ಎಳೆದು, ಗಾಜಿನ ಸೀಸೆಗೆ ಬಗ್ಗಿಸಿದ. ಸೀಸೆಯನ್ನು ಬೆಳಕಿಗೆ ಹಿಡಿದ. ನೀರು ನೀಲಿಯಾಗಿತ್ತು. ನೀಲಿಯೆಂದರೆ ಬಣ್ಣವೆನ್ನುವಷ್ಟು ನೀಲಿಯಲ್ಲ; ನೀಲಿಯ ನೆನಪು, ನೀಲಿಯ ಉಸಿರು. ಆಕಾಶ ಪ್ರತಿಫಲಿಸಿತೇನೋ ಎಂದು ಸೀಸೆಯ ಹಿಂದೆ ಬಿಳಿ ಹಾಳೆ ಹಿಡಿದ. ಹಾಳೆಯ ಮುಂದೆಯೂ ನೀಲಿಯೇ. ಇಷ್ಟು ಹಳೆಯ ನೀರಿಗೆ ಹೀಗೊಂದು ಬಣ್ಣವಿರುತ್ತದೆಯೆ? ಕತ್ತಲಲ್ಲಿ ಅಷ್ಟು ಸಾವಿರ ವರ್ಷ ಕೂತದ್ದು ಬೆಳಕನ್ನು ನೆನೆದುಕೊಂಡು ಹೀಗಾಯಿತೆ? ಹೇಳಬೇಕೆಂದರೆ ಬುದ್ಧಿವಂತ ಮನುಷ್ಯ, ಈ ವೃತ್ತಿಯಲ್ಲಿ ಅವನಷ್ಟು ಓದಿದವನು ಮೂರು ಸಮುದ್ರದ ಈಚೆಗಿಲ್ಲ. ಆದರೂ ಆ ಕ್ಷಣ ಅವನು ಸೀಸೆಯನ್ನು ಎರಡು ಕೈಯಲ್ಲಿ ಹಿಡಿದು, ಹೊಸದಾಗಿ ಹುಟ್ಟಿದ ಮಗುವನ್ನು ಹಿಡಿದ ತಂದೆಯಂತೆ, ಏನನ್ನೂ ಯೋಚಿಸದೆ ನಿಂತಿದ್ದ. ಅವನ ಕಣ್ಣಿಗೆ ನೀರು ಬರಬೇಕಿತ್ತು. ಬಿಸಿಲು ಅದನ್ನು ದಾರಿಯಲ್ಲೇ ಕುಡಿದುಬಿಟ್ಟಿತು.

“ಏನ್ ಸಾರ್, ಸೀಸೇಲಿ ಭೂತ ಸಿಕ್ತಾ?” ಎಂದು ಪಂಪಿನಾಕೆ ಹತ್ತಿರ ಬಂದು ಸೀಸೆಗೆ ಕೈ ಚಾಚಿದಳು. ಅವಳ ಉಗುರುಗಳ ಸುತ್ತ, ಬೆರಳ ಗೆಣ್ಣುಗಳ ಮಡಿಕೆಯಲ್ಲಿ, ಅದೇ ನೀಲಿ.

“ಕೈಗೇನಾಯ್ತು?” ಎಂದ. ತನ್ನ ದನಿಯೇ ದೂರದಿಂದ ಕೇಳಿತು.

“ಇದಾ? ಬಟ್ಟೆ ನೀಲಿ ಸಾರ್. ಬೆಳ್ಳಗಾಗ್ಲಿ ಅಂತ ಇಡೀ ಬಾಟ್ಲಿ ಸುರಿದ್ಬಿಟ್ಟೆ. ಬಟ್ಟೆಗಿಂತ ಕೈಗೇ ಚೆನ್ನಾಗಿ ಹತ್ಕೊಂಡಿದೆ, ನಿನ್ನೆಯಿಂದ ಉಜ್ತಾ ಇದೀನಿ, ಹೋಗಲ್ಲ.” ನಕ್ಕಳು. ಅವನು ನಗಲಿಲ್ಲ. ಎದೆಯಲ್ಲಿ ಏನೋ ಧಸಕ್ಕೆಂದು ನಲವತ್ತೊಂದು ಮೀಟರು ಇಪ್ಪತ್ತು ಸೆಂಟಿಮೀಟರು ಕೆಳಗೆ ಬಿತ್ತು. ಕಾಲುವೆಯಲ್ಲಿ ನಿನ್ನೆ ಬೆಳಿಗ್ಗೆ ಸುರಿದ ನೀಲಿ ಇವತ್ತು ಬಾವಿಯಲ್ಲಿದೆ. ಎತ್ತಿ ಚೆಲ್ಲಿದ ನೀರು ಬಿರುಕುಗಳಲ್ಲಿ ಇಳಿದು, ಮತ್ತೆ ಅದೇ ಬಾವಿಗಳಿಗೆ ಬಂದು, ಮತ್ತೆ ಮೇಲೇರಿ, ಮತ್ತೆ ಇಳಿದು. ಕಡಲೂ ಇಲ್ಲ, ಗಿಡಲೂ ಇಲ್ಲ. ಎರಡು ದಿನದಿಂದ ಅವನು ಮೈ ಮರೆತು ನೋಡಿದ್ದು ತನ್ನದೇ ಪೈಪು ಚೆಲ್ಲಿದ ನೀರನ್ನು.

ಇನ್ನೂ ಯಾರಿಗೂ ಗೊತ್ತಿಲ್ಲ. ಈ ಯೋಚನೆ ಬಂದದ್ದು ಮೊದಲು. ನಾಚಿಕೆ ಆಮೇಲೆ, ಮೆಲ್ಲಗೆ, ಕುಂಟುತ್ತ ಬಂತು. ಸೀಸೆಯನ್ನು ಮರಳಿಗೆ ಬಗ್ಗಿಸಿದರೆ ಮುಗಿಯಿತು. ನಾಳೆಯೊಳಗೆ ನೀಲಿ ಕರಗುತ್ತದೆ. ಪಂಪಿನಾಕೆಯ ಉಗುರೂ ಹತ್ತು ದಿನದಲ್ಲಿ ಬೆಳೆದು ಕತ್ತರಿಸಿಹೋಗುತ್ತದೆ. ಉಳಿಯುವುದು ಗೆರೆ. ಸೀಸೆಯನ್ನು ಬಗ್ಗಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ, ಡಬ್ಬಿಗಳ ನಡುವೆ ನೆರಳಿನಲ್ಲಿಟ್ಟು, ಮೇಲೊಂದು ಟವೆಲು ಮುಚ್ಚಿದ.

ಎರಡು ಗಂಟೆಗೆ ಬಾಮೈದ ಬಂದ. ಹೆಂಡತಿಯ ತಮ್ಮ, ಊರು ಬರೆಯುವವನು. ಒಂದೂವರೆ ಲಕ್ಷ ಜನಕ್ಕೆ ಈ ಬಯಲಿನಲ್ಲಿ ಹೊಸ ಊರು ಕಟ್ಟುತ್ತಾರೆ. ಅದರ ಬೀದಿ, ಶಾಲೆ, ಮಾರುಕಟ್ಟೆ, ಎಲ್ಲವನ್ನೂ ಕಾಗದದ ಮೇಲೆ ಎಳೆದವನು ಅವನೇ. ಅವನು ತಂದ ನಕ್ಷೆಯನ್ನು ಬಿಡಿಸಿದರೆ ಜೀಪು, ಡೇರೆ, ಪಂಪು, ಮೂವರು ಮನುಷ್ಯರು, ಎಲ್ಲ ಅದರಡಿ ಮುಚ್ಚಿಹೋಗುವಷ್ಟಿತ್ತು.

“ಏನ್ ಭಾವ, ಮುಖ ಮೊಳದುದ್ದ ಮಾಡ್ಕೊಂಡಿದ್ದೀರಿ? ಇಡೀ ಕಚೇರಿ ನೀವು ನಿನ್ನೆ ಕಳಿಸಿದ ಗೆರೆ ಬಗ್ಗೇನೇ ಮಾತಾಡ್ತಿದೆ. ಅಕ್ಕನಿಗೆ ಹೇಳ್ದೆ. ‘ನಿನ್ನ ಭಾವ ನೆಲದಡಿ ನೂರಾಳು ಆಳದಲ್ಲಿರೋದನ್ನ ಕಾಣ್ತಾರೆ, ಹಣೆ ಮೇಲಿರೋ ಕನ್ನಡಕ ಮಾತ್ರ ಮನೆಯೆಲ್ಲ ಹುಡುಕ್ತಾರೆ’ ಅಂದ್ಲು.” ನಕ್ಷೆಯ ನಡುವೆ ಬೆರಳಿಟ್ಟ. “ನೋಡಿ, ಇಲ್ಲೊಂದು ಕೆರೆ ಬರೆದುಬಿಟ್ಟಿದ್ದೀನಿ. ನಿಮ್ಮ ಮೇಲಿನ ಧೈರ್ಯಕ್ಕೆ. ನೀಲಿ ಬಣ್ಣ ನಾನು ಹಾಕಿದ್ದೀನಿ, ನೀರು ನೀವು ತುಂಬಿ.”

ಅವನು ಕೆರೆಯನ್ನು ನೋಡಿದ. ಅದರ ಸುತ್ತ ಪುಟ್ಟ ಪುಟ್ಟ ಮರಗಳು, ಒಂದೊಂದಕ್ಕೂ ಒಂದೊಂದು ನೆರಳು, ಕೂರಲು ಕಲ್ಲುಬೆಂಚು. ಅಷ್ಟು ಪ್ರೀತಿಯಿಂದ ಬರೆದ ಮರಗಳಡಿ ತಾನೂ ಒಂದು ಗಳಿಗೆ ಕೂರಬೇಕೆನ್ನಿಸಿತು. ಬಾಮೈದ ನಮೂನೆಯ ಹಾಳೆ ತೆಗೆದು, ಪೆನ್ನಿನ ಮುಚ್ಚಳ ತಾನೇ ಬಿಚ್ಚಿ ಕೊಟ್ಟ. “ಒಂದು ಅಂಕಿ, ಒಂದು ಸಹಿ. ದಿನಕ್ಕೆ ಎರಡು ಕೋಟಿ ಲೀಟರು ಅಂತ ಬರೀರಿ ಸಾಕು. ನಾಳೆ ಬೆಳಿಗ್ಗೆ ಸಭೇಲಿ ಇಟ್ರೆ ಮುಂದಿನ ವಾರ ಜನಕ್ಕೆ ಜಾಗ ಹಂಚ್ತಾರೆ. ನೀವು ಬರೆದ ಮೇಲೆ ಯಾರು ಮಾತಾಡ್ತಾರೆ? ನಿಮ್ಮ ಅಳತೆ ಯಾವತ್ತಾದ್ರೂ ತಪ್ಪಿದ್ದುಂಟಾ?”

ತಪ್ಪಿರಲಿಲ್ಲ. ಆ ಮಾತಿನ ತೂಕ ಅವನ ಹೆಗಲ ಮೇಲೆ ಆನೆಯಂತೆ, ಆನೆಯ ಮೇಲೆ ಇನ್ನೊಂದು ಆನೆ ಕೂತಂತೆ ಕೂತಿತ್ತು. ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡ. ಎರಡು ಎಂದು ಬರೆಯಲು ಎಷ್ಟು ಹೊತ್ತು ಬೇಕು? ಎರಡರ ತಲೆ ಬರೆದ. ನೀರು ಕೊಡದಿದ್ದರೆ ಮುಂದೆ ಯಾವತ್ತೋ ತಿಳಿಯುತ್ತದೆ, ಹತ್ತು ವರ್ಷಕ್ಕೋ ಹದಿನೈದಕ್ಕೋ, ತಾನು ನಿವೃತ್ತನಾಗಿರುತ್ತೇನೆ, ಆಗ ಯಾರೋ ತಗ್ಗು ಕಿಟಕಿಯ ಮುಂದೆ ಬೆನ್ನು ಬಾಗಿಸಿ ನಿಂತಿರುತ್ತಾರೆ, ಕೈಯಲ್ಲಿ ಕೊಡ, ಹಿಂದೆ ಸಾಲು. ಆ ಸಾಲಿನಲ್ಲಿ ನಗುವವರು ಯಾರೂ ಇರುವುದಿಲ್ಲ. ಪೆನ್ನು ನಿಂತಿತ್ತು. ಅಷ್ಟರಲ್ಲಿ ಬಾಮೈದ ಬಾಯಾರಿ, ಪಂಪಿನ ಬಾವಿಯ ನಲ್ಲಿಯಿಂದ ಒಂದು ಲೋಟ ಹಿಡಿದು, ಎರಡು ಗುಟುಕು ಕುಡಿದು, “ಥೂ, ಬೆಚ್ಚಗಿದೆ,” ಎಂದು ಉಳಿದದ್ದನ್ನು ಮರಳಿಗೆ ಎರಚಿದ.

“ಚೆಲ್ಲಬೇಡ!”

ಆ ಕೂಗು ತನ್ನಿಂದ ಬಂತೆಂದು ತಿಳಿಯಲು ಅವನಿಗೇ ಸ್ವಲ್ಪ ಹೊತ್ತು ಹಿಡಿಯಿತು. ಐವತ್ತನಾಲ್ಕು ವರ್ಷ ಗಂಟಲಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಸಲ ಹೊರಬಿದ್ದಂತಿತ್ತು. ದಿಗಂತದ ಆಚೆ ಇದ್ದ ಹಕ್ಕಿಗಳು ಹಾರಿದವು ಎಂದರೆ ನೀವು ನಂಬುವುದಿಲ್ಲ, ಬಿಡಿ. ಬಾಮೈದ ಲೋಟ ಹಿಡಿದಂತೆಯೇ ನಿಂತ. ಪಂಪಿನಾಕೆ ಮಾತ್ರ ನಕ್ಕಳು: “ಅರ್ಧ ಲೋಟಕ್ಕೆ ಇಷ್ಟಾ ಸಾರ್? ಮೂರು ದಿನದಿಂದ ಚೆಲ್ತಾನೇ ಇದೀವಲ್ಲ!” ಹೌದು. ಮೂರು ದಿನದಿಂದ. ಅವನು ಎದ್ದ, ಹಾಳೆ ಮಂಡಿಯಿಂದ ಜಾರಿತು, ಎಂಜಿನಿನ ಬಳಿಗೆ ನಡೆದ, ಓಡಲಿಲ್ಲ, ಕೆಂಪು ಹಿಡಿಯನ್ನು ಕೆಳಗೆಳೆದ. ಎರಡು ಗಂಟೆ ಐವತ್ತು ನಿಮಿಷ. ಎಪ್ಪತ್ತೊಂದನೆಯ ಗಂಟೆಯಲ್ಲಿ ಪಂಪು ನಿಲ್ಲಿಸಿದವನು ಈ ವೃತ್ತಿಯಲ್ಲಿ ಹಿಂದೆ ಹುಟ್ಟಿರಲಿಲ್ಲ. ಇನ್ನೊಂದು ಗಂಟೆ ತಡೆದಿದ್ದರೆ ಪರೀಕ್ಷೆ ಮುಗಿಯುತ್ತಿತ್ತು, ಈಗ ಮೂರು ದಿನವೂ ಮಣ್ಣುಪಾಲು. ಎಂಜಿನು ಕೆಮ್ಮಿತು, ಸುಮ್ಮನಾಯಿತು. ಮೌನ ಎಷ್ಟು ದೊಡ್ಡದಾಗಿ ಬಂತೆಂದರೆ ಮೂವರೂ ಅದಕ್ಕೆ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

“ಸಾರ್, ಯಾಕ್ ನಿಲ್ಸಿದ್ರಿ?” ಎಂದಳು ಪಂಪಿನಾಕೆ, ಮೊದಲ ಸಲ ಮೆಲ್ಲಗೆ.

ಅವನು ಟವೆಲು ತೆಗೆದು ಸೀಸೆಯನ್ನು ಬಾಮೈದನ ಕೈಗಿಟ್ಟ. “ನೋಡುವ ಬಾವೀದು. ಆ ನೀಲಿ ಇವರು ನಿನ್ನೆ ಕಾಲುವೇಲಿ ಬಟ್ಟೆಗೆ ಹಾಕಿದ್ದು. ನಾವು ಎತ್ತಿ ಚೆಲ್ಲಿದ್ದೇ ಮತ್ತೆ ಬಾವಿಗೆ ಬಂದಿದೆ. ಗೆರೆ ನಿಂತಿದ್ದು ಅದಕ್ಕೆ. ಪೈಪು ಕಮ್ಮಿಯಾಯ್ತು.”

“ಕಮ್ಮಿ ಅಂತ ಯಾವಾಗ ಗೊತ್ತಾಯ್ತು?”

“ಮೊದಲೇ ಗೊತ್ತಿತ್ತು.”

“ಮತ್ತೆ ಕೇಳೋದಲ್ವಾ ಭಾವ?”

“ಕೇಳೋಕೆ ಆಗ್ಲಿಲ್ಲ.”

ನಗು ಬರುತ್ತದೆಂದು ಕಾದ. ಬರಲಿಲ್ಲ. ಬಾಮೈದ ನಕ್ಷೆಯನ್ನು ಸುತ್ತತೊಡಗಿದ. ಅಂಚು ಅಂಚಿಗೆ ಸೇರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದ. “ಹದಿನಾರು ತಿಂಗಳು ಬರೆದಿದ್ದೀನಿ ಇದನ್ನ,” ಎಂದ, ನಕ್ಷೆಗೇ ಹೇಳುವ ಹಾಗೆ. ಆಮೇಲೆ: “ಹಾಗಾದ್ರೆ ಕೆಳಗೆ ನಿಜವಾಗಿ ಎಷ್ಟಿದೆ?”

“ಗೊತ್ತಿಲ್ಲ.”

ಈ ಒಂದು ಮಾತನ್ನು ಅವನು ಮೂವತ್ತೊಂದು ವರ್ಷ ಯಾರೆದುರೂ ಹೇಳಿರಲಿಲ್ಲ. ಹೇಳಿದ ಮೇಲೆ ಬಯಲು ಇದ್ದಲ್ಲೇ ಇತ್ತು. “ನನ್ನ ನೀಲಿಯಿಂದ ಕೆಟ್ಟೋಯ್ತಾ ಸಾರ್?” ಎಂದು ಪಂಪಿನಾಕೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. “ನಿಮ್ಮ ನೀಲಿ ಇಲ್ದಿದ್ರೆ ನಾನು ಸುಳ್ಳಿಗೆ ಸಹಿ ಹಾಕ್ತಿದ್ದೆ,” ಎಂದು, ಮರಳಿನಿಂದ ನಮೂನೆಯನ್ನು ಎತ್ತಿಕೊಂಡು, ಅರ್ಧ ಬರೆದ ಎರಡನ್ನು ಹೊಡೆದು ಹಾಕಿ, ಕೆಳಗೆ ಬರೆದ: ಪರೀಕ್ಷೆ ರದ್ದು. ಕಾರಣ: ಬೇಕಾದಷ್ಟು ಪೈಪನ್ನು ನಾನು ಕೇಳಲಿಲ್ಲ. ದುಂಡಗೆ ಬರೆದ. ಸಹಿ ಹಾಕಿದ. ಆಮೇಲೆ ಜೇಬಿನಿಂದ ಪ್ರಯೋಗಾಲಯದ ಕಾಗದ ತೆಗೆದು, ಅದನ್ನೂ ಬಾಮೈದನಿಗೆ ಕೊಟ್ಟ.

ಬಾಮೈದ ಓದಿದ. ತುಟಿ ಅಲ್ಲಾಡಿಸುತ್ತ ಮತ್ತೆ ಓದಿದ. “ಇಪ್ಪತ್ತಾರು ಸಾವಿರ... ಏನು, ವರ್ಷಾನಾ?”

“ವರ್ಷ.”

ಬಾಮೈದ ತಾನು ಎರಚಿದ ನೀರು ಬಿದ್ದಿದ್ದ ಕಡೆ ತಿರುಗಿದ. ಮರಳು ಒಣಗಿತ್ತು. ಎಲ್ಲಿ ಬಿದ್ದಿತ್ತೆಂದು ಹೇಳುವಂಥ ಗುರುತು ಕೂಡ ಇರಲಿಲ್ಲ. ಬಾಯಿ ಒರೆಸಿಕೊಂಡ ಕೈಯನ್ನು ನೋಡಿದ. “ನಾನು ಕುಡಿದ್ನಲ್ಲ ಭಾವ,” ಎಂದ. ಅವನ ಮುಖ ಆಗ ಹೇಗಾಯಿತೆಂದು ಹೇಳಲು ನನ್ನ ಬಳಿ ಉತ್ಪ್ರೇಕ್ಷೆ ಇಲ್ಲ.

“ಪಂಪು ನಿಂತ ಮೇಲೆ ನೀರು ಏರೋದನ್ನ ಅಳೀಬೇಕು,” ಎಂದ ಅಳತೆಗಾರ. “ರದ್ದಾದ ಪರೀಕ್ಷೇನೇ, ಆದ್ರೂ. ಒಬ್ಬನಿಗೆ ಆಗಲ್ಲ. ನೀನು ಗಡಿಯಾರ ನೋಡಿ ಬರ್ಕೋತೀಯಾ?”

ಬಾಮೈದ ನಕ್ಷೆಯ ಸುರುಳಿಯನ್ನು ಜೀಪಿನಲ್ಲಿಟ್ಟು ಬಂದು, ಬಾವಿಯ ಪಕ್ಕ ಮಂಡಿಯೂರಿ ಕೂತ. ಪಂಪಿನಾಕೆ ತಂತಿಯಿಂದ ಒಂದು ಬಿಳಿ ಉಡುಪು ತಂದು ಇಬ್ಬರ ತಲೆಯ ಮೇಲೆ ನೆರಳು ಹಿಡಿದಳು. ಮೊದಮೊದಲು ನೀರು ಬೇಗ ಏರಿತು, ನಿಮಿಷಕ್ಕೊಂದು ಗೇಣು. ಬಾಮೈದ ಉಸಿರು ಬಿಡದೆ ಅಂಕಿ ಗೀಚಿದ. ನಾಲ್ಕರ ಹೊತ್ತಿಗೆ ನಿಧಾನವಾಯಿತು. ಐದಕ್ಕೆ ಇನ್ನೂ ನಿಧಾನ. ಪರೀಕ್ಷೆಗೆ ಮುಂಚೆ ಅದು ಇದ್ದ ಜಾಗಕ್ಕೆ ಇನ್ನೂ ಒಂದು ಮೊಳ ಬಾಕಿಯಿತ್ತು, ಆ ಮೊಳವನ್ನು ಅದು ಯಾರ ಅವಸರಕ್ಕೂ ಕಿವಿಗೊಡದೆ ಏರುತ್ತಿತ್ತು. ಕತ್ತಲ ಕೊಳವೆಯೊಳಗೆ ಏನೂ ಕಾಣುತ್ತಿರಲಿಲ್ಲ. ಆದರೂ ಮೂವರೂ ಒಳಗೇ ನೋಡುತ್ತಿದ್ದರು. ಯಾವಾಗಿನಿಂದಲೋ ಮೂವರ ದನಿಯೂ ತಗ್ಗಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ.

“ಹತ್ತು ನಿಮಿಷ ಆಯ್ತು,” ಎಂದ ಬಾಮೈದ.

ಟೇಪು ಇಳಿಯಿತು. ಕೀ ಎಂದಿತು. ಅಳತೆಗಾರ ಹೆಬ್ಬೆರಳಿನಿಂದ ಒತ್ತಿ ಹಿಡಿದ.

“ಎಷ್ಟು?”

“ಒಂದು ಬೆರಳು ಏರಿದೆ.”

“ಒಂದೇನಾ?”

“ಒಂದು,” ಎಂದ.

ಬಾಮೈದ ಗಡಿಯಾರ ನೋಡಿ, ಒಂದು ಎಂದು ಬರೆದುಕೊಂಡ.